ಮುಚ್ಚಳದ ಒಳಗಿನ ಗೀರು

ನನ್ನ ಮಣಿಕಟ್ಟಿನ ಮೇಲೊಂದು ಫರ್ಸಿ ಕಲ್ಲಿದೆ. ನೀವು ನಂಬಲಾರಿರಿ, ನಾನೂ ದಿನಕ್ಕೆ ಹತ್ತು ಸಲ ಅಂಗಿಯ ತೋಳು ಸರಿಸಿ ಖಾತ್ರಿ ಮಾಡಿಕೊಳ್ಳುತ್ತೇನೆ. ಶಹಾಬಾದಿನ ರಶೀದ್ ಮಿಯಾ ಒಂದೂವರೆ ವರ್ಷ ಕೂತು ನನಗೆಂದೇ ಮಾಡಿಕೊಟ್ಟ ಆಟೋಮ್ಯಾಟಿಕ್ ಗಡಿಯಾರವದು. ಬೆಲೆ ಬರೆಯುವಂತಿಲ್ಲ; ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ.

ಮನೆಯ ನೆಲಕ್ಕೆ ಹಾಸಿ ನಾವೆಲ್ಲ ತುಳಿದು ಬೆಳೆದ ಕಲ್ಲನ್ನು ಮಿಯಾ ಉಗುರಿನಷ್ಟು ತೆಳ್ಳಗೆ ತೇಯ್ದು ಡಯಲ್ ಮಾಡಿದ್ದಾರೆ. ಹನ್ನೊಂದು ಬಿಲ್ಲೆ ಒಡೆದವು, ಹನ್ನೆರಡನೆಯದು ನನ್ನ ಪಾಲಿಗೆ ಉಳಿಯಿತು. ಮುಳ್ಳುಗಳನ್ನು ಕಾಸಿ ಕಾಸಿ ನವಿಲಿನ ಕತ್ತಿನ ನೀಲಿ ಬರಿಸಿದ್ದಾರೆ. ಒಂದು ಕ್ಷಣ ಹೆಚ್ಚಾದರೂ ಬೂದಿಬಣ್ಣ. ಒಳಗಿನ ಯಂತ್ರ ಹೊರದೇಶದ್ದೇ, ಆದರೆ ಅದರ ಒಂದೊಂದು ಅಂಚನ್ನೂ ಮರದ ಕಡ್ಡಿಯಿಂದ ಉಜ್ಜಿ ಕನ್ನಡಿ ಮಾಡಿದ್ದಾರೆ.

"ಅದನ್ನ ಯಾರು ನೋಡ್ತಾರ್ರೀ?" ಎಂದು ಕೇಳಿದ್ದೆ.

"ಮುಂದ ಬಿಚ್ಚೋ ಕಾರಿಗಾರ ನೋಡ್ತಾನಲ್ರೀ ಸರ್!"

ಇದಕ್ಕೆ ಕೀಲಿ ಕೊಡಬೇಕಿಲ್ಲ. ಅರ್ಧಚಂದ್ರದಂಥ ತೂಕವೊಂದು ಕೈ ಆಡಿದಂತೆಲ್ಲ ಒಳಗೆ ತಿರುಗಿ ಸ್ಪ್ರಿಂಗನ್ನು ಬಿಗಿಮಾಡುತ್ತದೆ. ವಾಡಿ ಜಂಕ್ಷನ್ನಿನಲ್ಲಿ ರೈಲು ತಡವಾದಾಗ ನಾನು ಪ್ಲಾಟ್‌ಫಾರಂ ಅಳೆಯುವುದನ್ನು ಹೆಂಡತಿ ಮೂವತ್ತು ವರ್ಷ ಬೈದಿದ್ದಾಳೆ. ಈಗ ಅದು ಚಟವಲ್ಲ, ಗಡಿಯಾರದ ಊಟ.

ಅಂಥದ್ದು ಮೊನ್ನೆ ಬೆಳಿಗ್ಗೆ ಕಟ್ಟಿಕೊಳ್ಳಲು ಎತ್ತಿಕೊಂಡರೆ ನಿಂತಿತ್ತು! ಬಿಚ್ಚಿಟ್ಟರೂ ಒಂದೂವರೆ ದಿನ ನಡೆಯಬೇಕಾದದ್ದು. ನಾನೋ ಹಿಂದಿನ ರಾತ್ರಿ ಮಲಗುವಾಗಷ್ಟೇ ಬಿಚ್ಚಿದ್ದೆ. ಹಾಗೆಂದು ನನ್ನ ನೆನಪು. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಒಂದೇ: ಸಾಕ್ಷಿಯಿಲ್ಲದೆ ಏನನ್ನೂ ನಂಬಬೇಡ. ಇತ್ತೀಚೆಗೆ ನನ್ನ ನೆನಪನ್ನೂ ಸಾಕ್ಷಿ ಕೇಳುವಂತಾಗಿದೆ. ಬೀಗ ಹಾಕಿದೆನೇ ಎಂದು ಮೂರು ಸಲ ಮರಳಿ ಬರುವ ಮನುಷ್ಯ ನಾನು. ಕೆಟ್ಟಿರುವುದು ಎರಡರಲ್ಲಿ ಒಂದು: ಗಡಿಯಾರ, ಇಲ್ಲವೆ ನನ್ನ ತಲೆ. ಗಡಿಯಾರವೇ ಆಗಿರಲಿ, ಅಂದರೆ ಮಿಯಾ ಅವರ ಒಂದೂವರೆ ವರ್ಷ ಹಾಳಾಗಿರಲಿ ಎಂದು ನಾಚಿಕೆಯಿಲ್ಲದೆ ಹಾರೈಸುತ್ತ ಶಹಾಬಾದಿನ ಬಸ್ಸು ಹತ್ತಿದೆ. ಬಸ್ಸಿನ ಕುಲುಕಾಟಕ್ಕೆ ಅದು ಮತ್ತೆ ನಡೆಯತೊಡಗಿತು, ನಾಲ್ಕು ತಾಸು ಹಿಂದುಳಿದು.

"ನಡುವ ಬಂದ್ ಬಿದ್ದಿತ್ತು ಮಿಯಾ."

"ಬಿಚ್ಚಿಟ್ಟಿರ್ಬೇಕು ನೋಡ್ರಿ."

"ಛೇ! ಮಲಗೋವಾಗ ಬಿಟ್ರ ಬಿಚ್ಚೇ ಇಲ್ಲ. ತಕರಾರು ತಗೊಂಡು ಬಂದಿದ್ದೂ ಇದೇ ಮೊದಲು."

ಮಿಯಾ ನಕ್ಕು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತಿರುವಿದರು. ಗಡಿಯಾರ ರಿಪೇರಿಯವರದೊಂದು ವಾಡಿಕೆಯಿದೆ. ಬಿಚ್ಚಿದಾಗಲೆಲ್ಲ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಾರೀಖು, ಗುರುತು ಕೊರೆಯುತ್ತಾರೆ. ಮುಂದೆ ಬಿಚ್ಚುವವನಿಗೆ ಅದೇ ಚರಿತ್ರೆ.

"ಓದ್ರಿ" ಎಂದು ಮುಚ್ಚಳ, ಭೂತಗನ್ನಡಿ ಎರಡನ್ನೂ ಕೊಟ್ಟರು.

ಆರು ತಿಂಗಳ ಹಿಂದಿನ ತಾರೀಖು, ಪಕ್ಕದಲ್ಲೊಂದು ಸೊನ್ನೆ.

"ಸೊನ್ನಿ ಅಂದ್ರ ಖರಾಬಿ ಏನೂ ಇಲ್ಲ."

"ಇದನ್ನ ನೀವು ಯಾವಾಗರ ಕೊರದಿರಬಹುದು" ಎಂದೆ. ವಿಶ್ವವಿದ್ಯಾಲಯ ಸುಮ್ಮನೆ ಬಿಡುತ್ತದೆಯೇ?

"ಹೋದ ಸಲನೂ ಹಿಂಗೇ ಅಂದಿದ್ರಿ. ಅದಕ್ಕೇ ನಿಮ್ಮ ಕೈಲೇ ಸಹಿ ಮಾಡಿಸೀನಿ. ಕೆಳಗ ನೋಡ್ರಿ."

ನೋಡಿದೆ. ಬಾಲ ಎಡಕ್ಕೆ ಜಾರಿದ ನನ್ನ ಹೆಸರಿನ ಮೊದಲಕ್ಷರ! ಕಾಲೇಜಿನ ಹಾಜರಿ ಪುಸ್ತಕದಲ್ಲಿ ವರ್ಷಗಟ್ಟಲೆ ನಾನೇ ಗೀಚಿದ್ದು. ಅದನ್ನು ಅಷ್ಟು ಕೆಟ್ಟದಾಗಿ ಬರೆಯುವುದು ಬೇರೆಯವರಿಂದಾಗದ ಕೆಲಸ. ಆಗ ಹೊಳೆಯಿತು: ಈ ಸಲ ಗಡಿಯಾರ ನಿಂತದ್ದನ್ನು ಕಾಣುವ ಮುಂಚಿನ ಎರಡು ದಿನ ಮದುವೆಗೆಂದು ಚಿಂಚೋಳಿಗೆ ಹೋಗಿದ್ದೆ. ನೂಕಾಟದಲ್ಲಿ ಗೀರು ಬಿದ್ದೀತೆಂದು ಗಡಿಯಾರವನ್ನು ಅಲಮಾರಿಯಲ್ಲೇ ಬಿಟ್ಟಿದ್ದೆ. ನಿಜಕ್ಕೂ ನೆನಪಾಯಿತೋ, ಸಹಿ ಕಂಡ ಮೇಲೆ ಹುಟ್ಟಿಕೊಂಡಿತೋ, ಹೇಳಲಾರೆ.

ವಿಚಿತ್ರವೆಂದರೆ, ಸೋತ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ತಲೆ ಸೋರಿದರೆ ಸೋರಲಿ, ಆ ಹನ್ನೆರಡನೆಯ ಕಲ್ಲಿನ ಕೆಳಗೆ ಎಲ್ಲವೂ ಸರಿಯಾಗಿತ್ತಲ್ಲ!

ಮಿಯಾ ಹೊಸ ತಾರೀಖು ಕೊರೆದು, ಸೊನ್ನೆ ಸುತ್ತಿ, ಸೂಜಿಯನ್ನು ನನ್ನತ್ತ ಚಾಚಿದರು. ಗೀರು ಬೀಳಬಾರದೆಂದು ಬಿಚ್ಚಿಟ್ಟ ಗಡಿಯಾರಕ್ಕೆ ನಾನೇ ಉಸಿರು ಬಿಗಿಹಿಡಿದು ಗೀರು ಎಳೆದೆ.

"ಇನ್ನ ಮರಿಯಂಗಿಲ್ಲ ಬಿಡ್ರಿ" ಎಂದೆ.

"ಮರೀರಿ ಸರ್, ಚಿಂತಿ ಇಲ್ಲ" ಎಂದರು ಮಿಯಾ, ಮುಚ್ಚಳ ತಿರುವುತ್ತ. "ಕೆಳಗ ಭಾಳ ಜಾಗ ಬಿಟ್ಟೀನಿ."