ಅಂಗಡಿಯಲ್ಲೇ ಉಳಿದ ತಾಳ್ಮೆ

ನಮ್ಮಣ್ಣನದು ಕಟಿಂಗ್ ಅಂಗಡಿ. ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ದೊಡ್ಡವರಿಗೆ ಅವನಿಗಿಂತ ಚೆನ್ನಾಗಿ ಕಟಿಂಗ್ ಮಾಡುವವರು ಅದೇ ಬೀದಿಯಲ್ಲಿ ಇಬ್ಬರಿದ್ದಾರೆ. ತಂಗಿಯಾದ ಮಾತ್ರಕ್ಕೆ ನಾನೇನೂ ಸುಳ್ಳು ಹೇಳಬೇಕಾಗಿಲ್ಲ. ಆದರೆ ಮಕ್ಕಳ ತಲೆ ಅಂದರೆ ಅವನೇ. ಕುರ್ಚಿ ಕಂಡೊಡನೆ ಕಿರುಚಿ, ಒದ್ದು, ಕಚ್ಚುವ ಮಕ್ಕಳನ್ನು ಎಲ್ಲೆಲ್ಲಿಂದಲೋ ಕರೆದುಕೊಂಡು ಬರುತ್ತಾರೆ. ಅಣ್ಣ ಕತ್ತರಿ ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಾನೆ. ಬೆಂಚಿನ ಮೇಲಿನವರು ಎಷ್ಟು ಗೊಣಗಿದರೂ ಅಷ್ಟೇ. ಅಳು ಇಳಿದ ಮೇಲೆ ಮಿಷನ್ನನ್ನು ಮೊದಲು ತನ್ನ ಮುಂಗೈ ಮೇಲೆ ಆಡಿಸಿ ತೋರಿಸಿ, "ಈಗ ಕಿವಿ ಹಿಂದೆ ಬರ್ತೀನಿ, ಗುಯ್ ಅನ್ನುತ್ತೆ, ಅಷ್ಟೇ" ಅನ್ನುತ್ತಾನೆ. ಮುಗಿದ ಮೇಲೆ, "ಕತ್ತು ಅಲ್ಲಾಡಿಸದೆ ಕೂತಿದ್ಯಲ್ಲ, ಅದಕ್ಕೇ ಬೇಗ ಆಯ್ತು" ಎಂದು ಹೊಗಳುತ್ತಾನೆ.

ಈ ಮನುಷ್ಯ ಮನೆಗೆ ಬಂದರೆ ಬೇರೆಯೇ. ಅತ್ತಿಗೆ ತೀರಿಕೊಂಡಾಗ ಅವನ ಮಗಳಿಗೆ ಐದು ವರ್ಷ. ಅವಳನ್ನು ನೋಡಿಕೊಳ್ಳಲೆಂದು ನಾನು ಆ ಮನೆಗೆ ಬಂದೆ. ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ. ರಿಬ್ಬನ್ ಸಡಿಲವಾಯಿತೆಂದರೆ ಸಾಕು, ಕೈಗೆ ಸಿಕ್ಕಿದ್ದೆಲ್ಲ ಗೋಡೆಗೆ. ಬೀದಿಯವರು ಮೆಣಸಿನಕಾಯಿ ಎಂದು ಹೆಸರಿಟ್ಟರು, ನಾವೂ ನಗುತ್ತಾ ಹಾಗೇ ಕರೆದೆವು. ಅಣ್ಣ ಅವಳ ರಟ್ಟೆ ಹಿಡಿದು ಹೊರಗೆ ದಬ್ಬಿ ಬಾಗಿಲಿಗೆ ಚಿಲಕ ಹಾಕುತ್ತಿದ್ದ. ಅವಳು ಬಾಗಿಲು ಬಡಿದೂ ಬಡಿದೂ ಸುಸ್ತಾಗಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಚಿಲಕ ನನ್ನ ಕೈಗೂ ಎಟುಕುತ್ತಿತ್ತು. ತೆಗೆಯಲಿಲ್ಲ. ಹನ್ನೊಂದು ವರ್ಷಕ್ಕೆಲ್ಲ ಅವಳ ಕಿರುಚಾಟ ನಿಂತಾಗ, ದಾರಿಗೆ ಬಂದಳು ಎಂದು ಕಂಡವರೆದುರು ಬೀಗಿದೆವು. ಕೋಪದ ಜೊತೆ ಮಾತೂ ನಿಂತಿದ್ದು ನಮ್ಮ ಗಮನಕ್ಕೇ ಬರಲಿಲ್ಲ.

ಈಗ ಅವಳಿಗೆ ಇಪ್ಪತ್ತೊಂಬತ್ತು. ಎರಡು ಬೀದಿಯಾಚೆ ಮನೆ. ಬಟ್ಟೆ ಅಂಗಡಿಯಲ್ಲಿ ಕೆಲಸ. ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಅವರ ಆರು ವರ್ಷದ ಮಗಳು ಥೇಟ್ ಅಮ್ಮನೇ. ಶಾಲೆ ಬಿಟ್ಟ ಮೇಲೆ ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು, ಕೈಗೆ ಕಚ್ಚಿಸಿಕೊಂಡ ದಿನವೇ, "ನನ್ನ ಕೈಲಾಗಲ್ಲಮ್ಮ" ಎಂದು ಕೈ ತೊಳೆದುಕೊಂಡಳು. ಆಸ್ಪತ್ರೆಗೆ ತೋರಿಸಿದಾಗ ಡಾಕ್ಟರು ಐದು ವಾರದ ತರಬೇತಿಗೆ ಬರೆದುಕೊಟ್ಟರು. ತರಬೇತಿ ಮಗುವಿಗಲ್ಲ, ಮಗುವನ್ನು ನೋಡಿಕೊಳ್ಳುವ ದೊಡ್ಡವರಿಗೆ.

"ಸಂಜೆ ಹೊತ್ತು ಮಗೂನ ನಮ್ಮನೇಲಿ ಬಿಡು" ಎಂದು ಅಣ್ಣ ಕೇಳಿದ.

"ಮೊದ್ಲು ಇಬ್ಬರೂ ತರಬೇತಿಗೆ ಬನ್ನಿ. ಆಮೇಲೆ ಹೇಳ್ತೀನಿ" ಎಂದಳು.

ಪ್ರತಿ ಶನಿವಾರ ಮಧ್ಯಾಹ್ನ ಅಣ್ಣ ಅಂಗಡಿ ಮುಚ್ಚಿದ. ಮೊಮ್ಮಗಳು ತನ್ನ ಹತ್ತಿರ ಬೆಳೆಯಬೇಕೆಂಬ ಆಸೆ ಅವನಿಗೆ ಅಷ್ಟಿತ್ತು. ಆಸ್ಪತ್ರೆಯ ಕೋಣೆಯಲ್ಲಿ ನಾವು ಮೂವರೂ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಿದ್ದೆವು. ಕೋಪ ಏರಿದಾಗ ಬುದ್ಧಿ ಹೇಳಬೇಡಿ, ಹತ್ತಿರವಿರಿ, ಏಟಾಗುವ ವಸ್ತು ದೂರ ಸರಿಸಿ, ಇಳಿದ ಮೇಲೆ ಮಗು ಮಾಡಿದ ಒಂದು ಒಳ್ಳೆಯದನ್ನು ಹೆಸರಿಸಿ ಹೊಗಳಿ ಎಂದರು ತರಬೇತಿ ಕೊಡುವ ಮೇಡಂ. ಇಷ್ಟು ಹೇಳಲು ಐದು ವಾರ ಬೇಕೇ ಎಂದು ನಾನು ಮೂಗು ಮುರಿದೆ.

ನಾಲ್ಕನೇ ವಾರ ಮಾಡಿ ತೋರಿಸುವ ಪಾಠ. ಅಣ್ಣನ ಮಗಳು ಮಗುವಾಗಬೇಕು, ಅಣ್ಣ ದೊಡ್ಡವನು. ಟಿವಿ ಆರಿಸಿದ್ದಕ್ಕೆ ಸಿಟ್ಟು, ಅದು ಆಟ. ಮೊದಲು ಅವಳು ನಾಚಿಕೊಂಡೇ ಪ್ಲಾಸ್ಟಿಕ್ ಲೋಟ ಬಿಸಾಡಿದಳು. ಎರಡನೆಯದನ್ನು ಎಸೆದಾಗ ಅವಳ ಮುಖ ಕೆಂಪಾಗಿತ್ತು. "ನೀನು ಯಾವಾಗ್ಲೂ ಹೀಗೇ!" ಎಂದು ಕಿರುಚಿದ ದನಿ ಆಟದ್ದಾಗಿರಲಿಲ್ಲ. ಅಣ್ಣ ನೆಲದ ಮೇಲೆ ಕೂತ. ಉಳಿದ ಲೋಟಗಳನ್ನು ಪಕ್ಕಕ್ಕೆ ಸರಿಸಿ ಸುಮ್ಮನಿದ್ದ. ಅವಳ ಉಸಿರು ತಿಳಿಯಾದ ಮೇಲೆ ಮೆಲ್ಲಗೆ, "ಮೂರನೇ ಲೋಟ ಎಸೀದೆ ಕೈಯಲ್ಲೇ ಇಟ್ಕೊಂಡೆ. ಸಿಟ್ಟಲ್ಲಿ ಅದು ಸುಲಭ ಅಲ್ಲ ಕಂದ" ಎಂದ.

ತರಬೇತಿಗೆ ಬಂದಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮೇಡಂ, "ಎಲ್ಲಿ ಕಲಿತ್ರಿ?" ಎಂದು ಕೇಳಿದರು.

ಅಣ್ಣ ಉಬ್ಬಿಹೋದ. "ಮೂವತ್ತು ವರ್ಷದ ಅಭ್ಯಾಸ ಮೇಡಂ. ಅಂಗಡೀಲಿ ದಿನಾ ಇಂಥ ಮಕ್ಕಳೇ."

ಮಗಳು ಲೋಟವನ್ನು ಮೇಜಿನ ಮೇಲಿಟ್ಟಳು. "ಮೂವತ್ತು ವರ್ಷದಿಂದ ಗೊತ್ತಿತ್ತೇನಪ್ಪಾ?"

ಅಣ್ಣ ಬಗ್ಗಿ, ಬಿದ್ದಿದ್ದ ಲೋಟಗಳನ್ನು ಹೆಕ್ಕತೊಡಗಿದ. ಗೊತ್ತಿರಲಿಲ್ಲ ಎಂದಿದ್ದರೆ ಅವಳು ಅವನನ್ನು ಕ್ಷಮಿಸುತ್ತಿದ್ದಳೇನೋ. ಅದನ್ನು ಹೇಳುವ ದಾರಿಯನ್ನು ಅವನೇ ಮುಚ್ಚಿಕೊಂಡಿದ್ದ.

ಆಸ್ಪತ್ರೆಯ ಗೇಟಿನ ಹತ್ತಿರ ಅವನಾಗೇ ಬಾಯಿ ಬಿಟ್ಟ. "ಬೇರೆಯವರ ಮಕ್ಕಳು ಅತ್ರೆ ನನ್ನ ಮರ್ಯಾದೆ ಹೋಗ್ತಿರಲಿಲ್ಲಮ್ಮ. ನೀನು ಕಿರುಚಿದ್ರೆ ಬೀದಿಯೆಲ್ಲ ಕೇಳೋದು. ನನಗೆ ನಾಚಿಕೆ ಆಗೋದು. ತಪ್ಪಾಯ್ತು."

ಅವಳು, "ಸೋಮವಾರದಿಂದ ಶಾಲೆ ಬಿಟ್ಟ ಮೇಲೆ ಅವಳು ಅಂಗಡಿಗೆ ಬರ್ಲಿ. ಅಲ್ಲಿ ನಿನ್ನನ್ನ ನಂಬ್ತೀನಿ. ಮನೆಗೆ ಮಾತ್ರ ಕರ್ಕೊಂಡು ಹೋಗ್ಬೇಡ" ಎಂದಳು. ನನ್ನ ಕಡೆ ತಿರುಗಿ, "ಅತ್ತೆ, ನೀನೂ ಅಷ್ಟೇ" ಎಂದಳು. ನಾನು ತಲೆಯಾಡಿಸಿದೆ.

ಅಣ್ಣ ಕಣ್ಣೊರೆಸಿಕೊಂಡು, "ಆಯ್ತಮ್ಮ. ಶಾಲೆ ಎಷ್ಟೊತ್ತಿಗೆ ಬಿಡುತ್ತೆ?" ಎಂದು ಕೇಳಿದ. ಮಗು ಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ಆದರೂ ಶಾಲೆ ಬಿಡುವ ಹೊತ್ತು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.