ಮುರಿದಿಟ್ಟ ಮುದ್ದೆ

ಹಲಸೂರಿನ ಕಾಲೇಜಿನಲ್ಲಿ ನಾನು ಪ್ರತಿವರ್ಷ ಮಲೇರಿಯಾದ ರೋಗಾಣುವಿನ ಪಾಠ ಮಾಡುತ್ತೇನೆ. ಒಂದೇ ಜೀವಕೋಶದ ಜೀವಿ. ಅದರ ಪೂರ್ವಜ ಜೀವಿಗಳು ಬಿಸಿಲಿನಿಂದ ತಮ್ಮ ಆಹಾರವನ್ನು ತಾವೇ ಮಾಡಿಕೊಳ್ಳುತ್ತಿದ್ದವು. ಇನ್ನೊಂದು ಜೀವಿಯ ಒಳಹೊಕ್ಕ ಮೇಲೆ ಎಲ್ಲವೂ ಸಿದ್ಧವಾಗಿ ಸಿಗತೊಡಗಿತು. ಏನನ್ನೋ ತಯಾರಿಸುವ ಒಂದು ಜೀನ್ ಕೆಟ್ಟಿತು; ಕೊರತೆಯೇ ಕಾಣಲಿಲ್ಲ. ಮತ್ತೊಂದು ಕೆಟ್ಟಿತು. ಈಗ ಡಿಎನ್‌ಎಗೆ ಬೇಕಾದ ಪ್ಯೂರಿನ್ ಎಂಬ ಕಚ್ಚಾವಸ್ತುವನ್ನೂ ಅದು ನಮ್ಮ ರಕ್ತಕಣದಿಂದಲೇ ಎತ್ತಿಕೊಳ್ಳಬೇಕು. "ಸೋಮಾರಿ ಅಲ್ವಾ ಮಿಸ್?" ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ರೇಗುತ್ತೇನೆ. ಸೋಮಾರಿತನವಲ್ಲ, ಕುಳಿತಲ್ಲಿಗೇ ಸಿಗುವಾಗ ಕಳೆದುಹೋದದ್ದು ಗೊತ್ತಾಗುವುದಿಲ್ಲ, ಹಾಗೆ ಹೋದದ್ದು ಮರಳಿ ಬರುವುದೂ ಅಪರೂಪ ಎನ್ನುತ್ತೇನೆ.

ಅಕ್ಕನಿಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿದ ವರ್ಷ ಆ ಪಾಠವನ್ನು ನಾನು ಅರ್ಧಕ್ಕೇ ನಿಲ್ಲಿಸಿದೆ. ಹೊಸ ತಿಪ್ಪಸಂದ್ರದ ಮನೆಯಲ್ಲಿ ಅಕ್ಕ, ಭಾವ ಕೆಳಗೆ, ನಾನು ಮೇಲೆ. ಕೆ.ಆರ್. ಪುರದಿಂದ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಭಾವನಿಗೆ ಖಡಾಖಂಡಿತವಾಗಿ ಹೇಳಿದ್ದಳು: "ಮುದ್ದೇನ ಆಂಟಿನೇ ಮುರ್ಕೊಂಡು ತಿನ್ಲಿ ಅಂಕಲ್. ಅದಕ್ಕಿಂತ ಒಳ್ಳೆ ಎಕ್ಸರ್‌ಸೈಜ್ ಇಲ್ಲ. ಚೆಲ್ಲಿದ್ರೂ ನೀವು ಕೈ ಹಾಕ್ಬೇಡಿ. ಈಗ ಬರ್ಲಿಲ್ಲ ಅಂದ್ರೆ ಆಮೇಲೆ ಕಷ್ಟ."

ಭಾವನಿಗೆ ಅದು ಆಗುತ್ತಿರಲಿಲ್ಲ. ಸಾರು ಅಕ್ಕನ ಮಡಿಲಿಗೆ ಚೆಲ್ಲಿದರೆ ಅವರ ಮುಖವೇ ಸಣ್ಣಗಾಗುತ್ತಿತ್ತು. ಆ ಹುಡುಗಿ ಬಂದಿದ್ದ ಒಂದು ಮಧ್ಯಾಹ್ನ ನಾನು ಅಡುಗೆಮನೆಗೆ ಹೋದರೆ, ಬಿಸಿ ಮುದ್ದೆಯನ್ನು ಚೂರು ಚೂರಾಗಿ ಮುರಿದು, ಒದ್ದೆ ಕೈಯಲ್ಲಿ ಮೇಲೆ ಸವರಿ ಮತ್ತೆ ಗುಂಡಗೆ ಮಾಡುತ್ತಿದ್ದರು. ನೋಡಲು ಇಡೀ ಮುದ್ದೆ. ಅಕ್ಕ ಬೆರಳು ತಾಗಿಸಿದ್ದೇ ತಡ, ತಾನಾಗಿ ಬಿಟ್ಟುಕೊಂಡಿತು. "ಸೂಪರ್ ಆಂಟಿ!" ಎಂದು ಆ ಹುಡುಗಿ ಚಪ್ಪಾಳೆ ತಟ್ಟಿದಳು. ಇಷ್ಟು ಸುಧಾರಿಸಿದ್ದಾರಲ್ಲ ಎಂದು ಬರುವುದನ್ನೂ ಕಡಿಮೆ ಮಾಡಿದಳು. ಅವಳು ಬಾರದ ದಿನಗಳಲ್ಲಿ ಭಾವ ತುತ್ತು ಮಾಡಿ ಬಾಯಿಗೇ ಇಡುತ್ತಿದ್ದರು. ನಾನು ಜಗಳವಾಡಿದೆ, ಬೇಡಿಕೊಂಡೆ, ಆ ಹುಡುಗಿಗೆ ಹೇಳಿಬಿಡುತ್ತೇನೆ ಎಂದೆ. "ಆಯ್ತು, ನಾಳೆಯಿಂದ," ಎನ್ನುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ ದಿನ ನನಗೆ ಭಾವನ ಮೇಲೆ ತಡೆಯಲಾಗದ ಸಿಟ್ಟು ಬಂತು. ಮನೆಗೆ ಬಂದವಳೇ, "ಪ್ರೀತಿ ಪ್ರೀತಿ ಅಂತ ಅವಳ ಕೈಯನ್ನೇ ತೆಗೆದ್ಬಿಟ್ರಿ!" ಎಂದು ಕೂಗಾಡಿದೆ. ಭಾವ ಹಿತ್ತಲಿಗೆ ಹೋದರು.

"ಅವರನ್ನ ಬೈಬೇಡ ಕಣೇ," ಎಂದಳು ಅಕ್ಕ. "ಮುದ್ದೆ ಮುರಿದಿಟ್ಟಿರೋದು ನಂಗೆ ಮೊದಲ ದಿನವೇ ಗೊತ್ತಾಯ್ತು."

"ಮತ್ಯಾಕೆ ಸುಮ್ನಿದ್ದೆ?"

"ದೊಡ್ಡನೆಕ್ಕುಂದಿ ಫ್ಯಾಕ್ಟ್ರಿ ಮುಚ್ಚಿ ಕೆಲಸ ಹೋದ್ಮೇಲೆ ಅವರು ಹೇಗಿದ್ರು, ನೀನೇ ನೋಡಿದೀಯಲ್ಲ. ಸ್ನಾನ ಇಲ್ಲ, ಮಾತಿಲ್ಲ, ಗೋಡೆ ನೋಡ್ಕೊಂಡು ಕೂತಿರೋರು. ನಂಗೆ ತಿನ್ಸೋಕೆ ಶುರು ಮಾಡಿದ್ಮೇಲೆ ತಾನೇ ಮನುಷ್ಯರ ಥರ ಆಗಿದ್ದು? ನಂಗೆ ಕೈ ಬಂದ್ಬಿಟ್ಟಿದ್ರೆ ಅವರು ಮತ್ತೆ ಅಲ್ಲಿಗೇ ಹೋಗ್ತಿದ್ರು."

ನನಗೆ ಅಳು ಬಂತು. ಅವಳ ಕೈ ತೆಗೆದುಕೊಂಡು ಬೆರಳು ಬಿಡಿಸಲು ನೋಡಿದೆ. "ನೋವಾಗುತ್ತೆ, ಬಿಡು," ಎಂದಳು. ಆಮೇಲೆ ಹಿತ್ತಲ ಕಡೆಗೆ ತಿರುಗಿ, "ರೀ, ನಂಗೆ ಹಸಿವಾಗ್ತಿದೆ," ಎಂದು ಕೂಗಿದಳು.