ಅವನ ವಾಚು, ನನ್ನ ಕಾಲು

ಕೊರೊನಾ ಮುಗಿದು ಆಫೀಸುಗಳು ಮತ್ತೆ ತುಂಬಿಕೊಂಡ ವರ್ಷ. ಹೂಡಿಯ ಒಂದು ಟೆಕ್ ಪಾರ್ಕಿನಲ್ಲಿ ನಾನು ಹೌಸ್‌ಕೀಪಿಂಗ್ ಕೆಲಸದಲ್ಲಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ನನ್ನ ಪಾಲಿಗೆ ಬಂದದ್ದು ನಾಲ್ಕನೇ ಮಹಡಿ, ಅಲ್ಲಿಂದ ಕೆಳಗಿನವರೆಗಿನ ಮೆಟ್ಟಿಲು. ಯಾರಿಗೆ ದಮ್ಮಿದೆ, ಯಾರಿಗೆ ಇಲ್ಲ ಎಂದು ಮೆಟ್ಟಿಲು ಒರೆಸುವವಳಿಗೆ ಯಾವ ಡಾಕ್ಟರೂ ಹೇಳಬೇಕಾಗಿಲ್ಲ.

ಆ ವರ್ಷ ಕಂಪನಿಯವರು ‘ಸ್ಟೆಪ್ ಚಾಲೆಂಜ್’ ಇಟ್ಟರು. ಎಲ್ಲರ ಕೈಗೂ ಒಂದು ವಾಚು. ದಿನಕ್ಕೆ ಎಷ್ಟು ಹೆಜ್ಜೆ ನಡೆದರು ಎಂದು ಅದು ಎಣಿಸುತ್ತದೆ. ಗೋಡೆಯ ಟಿವಿಯಲ್ಲಿ ಹೆಸರಿನ ಮುಂದೆ ಆ ಲೆಕ್ಕ ಬರುತ್ತದೆ. ಹೆಚ್ಚು ನಡೆಯುವವರದು ಗಟ್ಟಿ ಮನಸ್ಸು, ನಡೆಯದವರದು ಸಪ್ಪೆ ಸ್ವಭಾವ ಎಂದು ಅವರು ಕರೆಸಿದ ಟ್ರೈನರ್ ಮೈಕಿನಲ್ಲಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಪ್ರದೀಪ ಅಲ್ಲಿ ಟೀಮ್ ಲೀಡರ್. ಮೂವತ್ತು ತುಂಬಿರಲಿಲ್ಲ. ಜಿಮ್ಮಿನಲ್ಲಿ ಉಬ್ಬಿಸಿದ ತೋಳು, ಆದರೆ ಒಂದು ಮಹಡಿ ಇಳಿಯಲೂ ಲಿಫ್ಟು ಬೇಕು. ಸಿಟ್ಟು ಬಂದರೆ ಹೆಡ್‌ಫೋನ್ ಎತ್ತಿ ಎಸೆಯುತ್ತಿದ್ದ. ಚೂರು ಬಳಿಯುತ್ತಿದ್ದವಳು ನಾನು. ಆ ಸಿಟ್ಟಿಗೆ ಅವರೆಲ್ಲ ಇಟ್ಟ ಹೆಸರು ‘ಎನರ್ಜಿ’.

ಮೂರನೇ ದಿನ ನನ್ನನ್ನು ಕರೆದ. “ಅಜ್ಜಿ, ನೀವು ಹೆಂಗೂ ಇಡೀ ದಿನ ಓಡಾಡ್ತಾನೇ ಇರ್ತೀರ. ಇದನ್ನೂ ಒಸಿ ವಾಕಿಂಗ್ ಕರ್ಕೊಂಡು ಹೋಗಿ” ಎಂದು ವಾಚು ಚಾಚಿದ. ಅಷ್ಟು ದಿನ ‘ಹಲೋ’ ಎಂದು ಚಿಟಿಕೆ ಹೊಡೆಯುತ್ತಿದ್ದವನು ಅಜ್ಜಿ ಎಂದನಲ್ಲ ಎಂದು ಹಲ್ಲು ಬಿಟ್ಟು ಕಟ್ಟಿಕೊಂಡೆ. ಇವತ್ತಿಗೂ ನನ್ನ ಮೇಲೆ ನನಗೆ ಉರಿಯುವುದು ಅದಕ್ಕೇ.

ನನ್ನ ಕಾಲಿನಿಂದ ಅವನಿಗೆ ದಿನಕ್ಕೆ ಹದಿನೆಂಟು ಸಾವಿರ ಹೆಜ್ಜೆ. ಟಿವಿಯಲ್ಲಿ ಮೊದಲ ಹೆಸರು.

ಕೊನೆಯ ಹೆಸರು ಕಾವ್ಯಳದು. ದಾವಣಗೆರೆ ಕಡೆಯ ಹುಡುಗಿ, ಅದೇ ಟೀಮು. ಸ್ವಲ್ಪ ದಪ್ಪ, ಮಾತು ಕಡಿಮೆ. ನಾಲ್ಕು ಮಹಡಿಯನ್ನೂ ದಿನಾ ಮೆಟ್ಟಿಲಲ್ಲೇ ಹತ್ತುವವಳು; ಮೇಲೆ ಬಂದಾಗಲೂ ಏದುಸಿರಿಲ್ಲ. ಅವಳ ವಾಚಿನಲ್ಲಿ ಏಳು ಸಾವಿರ, ಎಲ್ಲ ಅವಳದೇ. ಅವಳಿನ್ನೂ ಪ್ರೊಬೇಷನ್‌ನಲ್ಲಿದ್ದಳು. ಅಂದರೆ ಕೆಲಸ ಕಾಯಂ ಆಗುವುದು ಪ್ರದೀಪ ಬರೆದುಕೊಡುವ ರಿಪೋರ್ಟಿನ ಮೇಲೆ.

ಒಂದು ದಿನ ಎಲ್ಲರ ಮುಂದೆ ಅವಳಿಗೆ ಟಿವಿ ತೋರಿಸಿದ. “ನೋಡಮ್ಮ, ಇಷ್ಟು ಕೆಲಸದಲ್ಲೂ ನಾನು ಹದಿನೆಂಟು ಮಾಡ್ತೀನಿ. ಬಾಡಿನೇ ಮೂವ್ ಆಗಲ್ಲ ಅಂದ್ರೆ ತಲೆ ಎಲ್ಲಿ ಮೂವ್ ಆಗುತ್ತೆ? ಲೋ ಎನರ್ಜಿ ಅಂತಾನೇ ಬರೀತೀನಿ.” ಕೆಲವರು ನಕ್ಕರು. ನಾನು ಅವನ ವಾಚು ಕಟ್ಟಿಕೊಂಡು ಅಲ್ಲೇ ಕಸದ ಬುಟ್ಟಿ ಖಾಲಿ ಮಾಡುತ್ತಿದ್ದೆ.

ಅಂದಿನಿಂದ ಆ ಹುಡುಗಿ ಊಟದ ಹೊತ್ತಿನಲ್ಲಿ ಪಾರ್ಕಿಂಗ್ ಸುತ್ತತೊಡಗಿದಳು. ಡಬ್ಬಿ ಬಿಚ್ಚುತ್ತಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕಂಬಿ ಹಿಡಿದು ಕುಸಿದಿದ್ದಳು. ತುಟಿ ಬಿಳಿಚಿಕೊಂಡಿತ್ತು.

“ತಿಂದು ಎಷ್ಟು ದಿನ ಆಯ್ತೇ?”

“ಹಸಿವಿಲ್ರಿ ಅಜ್ಜಿ.”

“ಹಸಿವಿಲ್ದೇ ಇರಕ್ಕೆ ನೀನೇನು ಕಲ್ಲಾ? ತೆಗಿ ಡಬ್ಬಿ.”

ಬ್ಯಾಗಿನಿಂದ ಡಬ್ಬಿ ತೆಗೆಸಿ ಅರ್ಧ ಚಪಾತಿ ತಿನ್ನಿಸಿದೆ. ತಿನ್ನಿಸುವಾಗ ನನ್ನ ಕೈಯಲ್ಲಿ ಆ ವಾಚು ಹೊಳೆಯುತ್ತಿತ್ತು. ಮೈಯೆಲ್ಲ ಹತ್ತಿಕೊಂಡಿತು.

ಕೆಲಸದ ಒದ್ದೆ ಬಟ್ಟೆಯಲ್ಲೇ ಮೀಟಿಂಗ್ ರೂಮಿನ ಬಾಗಿಲು ತಳ್ಳಿದೆ. ಪ್ರದೀಪನೂ ಎಚ್‌ಆರ್ ಮೇಡಮ್ಮೂ ಒಂಬತ್ತರಿಂದ ಅಲ್ಲೇ ಕೂತಿದ್ದರು.

“ಮೇಡಂ, ಈ ಸಾರ್ ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಎದ್ದವ್ರಾ?”

“ಇಲ್ಲ, ಯಾಕೆ?”

ವಾಚು ಬಿಚ್ಚಿ ಮೇಜಿನ ಮೇಲಿಟ್ಟೆ. “ಅಂಗಾದ್ರೆ ಇವ್ರ ಈ ವಾಚು ಎಂಗೆ ಎಂಟು ಸಾವಿರ ಓಡ್ತು? ಅಷ್ಟೂ ನನ್ ಕಾಲಿಂದು. ಇದರ ಲೆಕ್ಕ ತೋರ್ಸಿ ಕಾವ್ಯಂಗೆ ಬೈದ್ರಲ್ಲ, ಆ ಮಗು ಮೆಟ್ಲ ಮೇಲೆ ಬಿದ್ದವಳೆ.”

“ಅದು... ಸುಮ್ನೆ ತಮಾಷೆಗೆ, ಮೇಡಂ” ಎಂದ. ಆ ಎನರ್ಜಿಯೆಲ್ಲ ಎಲ್ಲಿ ಹೋಯಿತೋ, ವಾಚನ್ನು ಮೆಲ್ಲಗೆ ಲ್ಯಾಪ್‌ಟಾಪಿನ ಹಿಂದಕ್ಕೆ ಸರಿಸಿದ.

ಕಾವ್ಯಳ ರಿಪೋರ್ಟನ್ನು ಮೇಡಂ ಬೇರೆಯವರಿಂದ ಬರೆಸಿದರು. ಕೆಲಸ ಕಾಯಂ ಆಯಿತು. ಪ್ರದೀಪ ಅದೇ ಕುರ್ಚಿಯಲ್ಲಿ ಉಳಿದ. ನನ್ನನ್ನು ಪಕ್ಕದ ಬಿಲ್ಡಿಂಗಿನ ಟಾಯ್ಲೆಟ್ಟುಗಳಿಗೆ ಹಾಕಿದರು. ಹಾಕಲಿ.

ಕೂಗಾಡುವವನು ಚುರುಕು, ಸುಮ್ಮನಿರುವವಳು ಸೋಮಾರಿ ಎಂದು ಈಗಿನ ಹುಡುಗರ ತಲೆಗೆ ಯಾರು ತುಂಬಿದರೋ ಕಾಣೆ. ಅರ್ಧ ಮೆಟ್ಟಿಲಿಗೆ ಏದುಸಿರು ಬಿಡುವವರೇ ಮೇಲೆ ಹೋಗಿ ಇನ್ನೊಬ್ಬರ ಮೇಲೆ ಎಗರಾಡುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಈಗಲೂ ಯಾರಾದರೂ ನಗುತ್ತಾ ವಾಚು ಚಾಚಿದರೆ ನಾನು ಮಾಪ್ ಚಾಚುತ್ತೇನೆ. ನೆಲ ಒರೆಸಿ ಸಾರ್, ಹೆಜ್ಜೆ ನಿಮ್ಮದೇ ಆಗುತ್ತೆ.